ನುಡಿಯಿಲ್ಲದವರ ಹಕ್ಕು: ಪ್ರಾಣಿ ಹಕ್ಕುಗಳ ಚಳವಳಿಯ ತೌಲನಿಕ ವಿವೇಚನೆ

೧. ಸಮಸ್ಯೆಯ ಸ್ವರೂಪ

೧೭೯೨ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವರು ಸ್ತ್ರೀಯರ ಹಕ್ಕುಗಳನ್ನು ಸಮರ್ಥಿಸುವ ತಮ್ಮ ಪ್ರಸಿದ್ಧ ಗ್ರಂಥವನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಅದೇ ವರ್ಷ ಅದರ ಅಣಕವೊಂದು ಲೇಖಕರ ಹೆಸರಿಲ್ಲದೆ ಹೊರಬಂದಿತು. ಅದು ಮೃಗಗಳ ಹಕ್ಕುಗಳನ್ನು ಸಮರ್ಥಿಸುವ ಕಿರುಹೊತ್ತಗೆ. ಬರೆದವರು ಪ್ಲೇಟೋವಿನ ಅನುವಾದಕರೆಂದು ಹೆಸರಾದ ಥಾಮಸ್ ಟೇಲರ್. ಸ್ತ್ರೀಯರಿಗೆ ಹಕ್ಕುಗಳುಂಟೆಂದು ಒಪ್ಪಿದರೆ ನಾಳೆ ಮೃಗಗಳಿಗೂ ಅವನ್ನು ಒಪ್ಪಬೇಕಾದೀತು. ಎರಡನೆಯದು ಅಸಂಗತವಾದುದರಿಂದ ಮೊದಲನೆಯದೂ ಅಸಂಗತ ಎಂಬುದು ಆ ಅಣಕದ ಇಂಗಿತ. ೧೯೭೫ರಲ್ಲಿ ಆಸ್ಟ್ರೇಲಿಯದ ತತ್ತ್ವಜ್ಞ ಪೀಟರ್ ಸಿಂಗರ್ ತಮ್ಮ ‘ಅನಿಮಲ್ ಲಿಬರೇಶನ್’ ಗ್ರಂಥದ ಮೊದಲ ಅಧ್ಯಾಯವನ್ನು ಈ ಅಣಕದ ಪ್ರಸ್ತಾಪದಿಂದಲೇ ಆರಂಭಿಸಿದರು. ಟೇಲರ್ ನಗೆಗೀಡುಮಾಡಿದ ತರ್ಕಸರಣಿಯನ್ನೇ ಅವರು ಗಂಭೀರವಾಗಿ ಕೈಗೆತ್ತಿಕೊಂಡರು. ಸ್ತ್ರೀಯರ ವಿಷಯದಲ್ಲಿ ಆ ಸರಣಿ ಸತ್ಯವೆಂದು ಇತಿಹಾಸ ತೋರಿಸಿರುವಾಗ ಅದು ಅಲ್ಲಿಯೇ ನಿಲ್ಲಬೇಕೇಕೆ ಎಂಬುದು ಅವರ ಪ್ರಶ್ನೆ.

ಅಂದಿನಿಂದ ಪ್ರಾಣಿ ಹಕ್ಕುಗಳ ಚಳವಳಿ ತನ್ನನ್ನು ಗುಲಾಮಗಿರಿಯ ನಿರ್ಮೂಲನ, ಸ್ತ್ರೀವಿಮೋಚನೆ, ವರ್ಣಭೇದ ವಿರೋಧಗಳ ಸಾಲಿನ ಮುಂದಿನ ಕೊಂಡಿಯೆಂದು ಬಣ್ಣಿಸಿಕೊಂಡು ಬಂದಿದೆ. ಈ ಹೋಲಿಕೆ ಎಷ್ಟರಮಟ್ಟಿಗೆ ಸಾಧು? ಇದನ್ನು ಸಾರಾಸಗಟಾಗಿ ಒಪ್ಪುವವರೂ ಇದ್ದಾರೆ, ಮಾನವ ಘನತೆಗೆ ಅಪಚಾರವೆಂದು ತಳ್ಳಿಹಾಕುವವರೂ ಇದ್ದಾರೆ. ಈ ಚಳವಳಿಗಳ ನಡುವೆ ಚಾರಿತ್ರಿಕ ನಂಟೂ ತಾರ್ಕಿಕ ಸಾಮ್ಯವೂ ನಿಜವಾಗಿ ಉಂಟು. ಆದರೆ ‘ಯಾರು ಯಾರ ಪರವಾಗಿ ನುಡಿಯುತ್ತಾರೆ’ ಎಂಬ ಪ್ರಶ್ನೆ ಎದ್ದ ಕಡೆ ಹೋಲಿಕೆ ನಿಂತುಹೋಗುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಜೀವದಯೆಯನ್ನು ಕುರಿತ ನಮ್ಮ ಪ್ರಾಚೀನ ಕಾವ್ಯಗಳನ್ನು ಹಕ್ಕುಗಳ ಪರಿಭಾಷೆಯಲ್ಲಿ ಓದಲು ಹೊರಟ ಸಂಶೋಧಕರಿಗೂ ಇದು ಪ್ರಸ್ತುತವಾದ ಸಂಗತಿ.

೨. ಚಾರಿತ್ರಿಕ ನಂಟು

ಪ್ರಾಣಿಗಳ ರಕ್ಷಣೆಗಾಗಿ ಸಂಘಟಿತವಾದ ಆಧುನಿಕ ಚಳವಳಿ ರೂಪು ತಳೆದದ್ದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. ಅದರ ಆದ್ಯರಲ್ಲಿ ಕೆಲವರು ಗುಲಾಮಗಿರಿಯ ವಿರುದ್ಧ ಹೋರಾಡಿದವರೇ ಆಗಿದ್ದುದು ಆಕಸ್ಮಿಕವಲ್ಲ. ೧೮೨೪ರ ಜೂನ್ ತಿಂಗಳಲ್ಲಿ ಲಂಡನ್ನಿನ ಕಾಫಿಗೃಹವೊಂದರಲ್ಲಿ ಸೇರಿ ಪ್ರಾಣಿಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದವರ ಪೈಕಿ ವಿಲಿಯಂ ವಿಲ್ಬರ್‌ಫೋರ್ಸ್ ಮತ್ತು ಥಾಮಸ್ ಫೊವೆಲ್ ಬಕ್ಸ್‌ಟನ್ ಇದ್ದರು. ಮೊದಲನೆಯವರು ೧೮೦೭ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸಿದ ಶಾಸನದ ಹಿಂದಿನ ಶಕ್ತಿ. ಎರಡನೆಯವರು ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯನ್ನೇ ರದ್ದುಗೊಳಿಸಿದ ೧೮೩೩ರ ಶಾಸನಕ್ಕಾಗಿ ಸಂಸತ್ತಿನಲ್ಲಿ ಹೋರಾಡಿದವರು. ಸಂಘ ಸ್ಥಾಪನೆಗೆ ಎರಡು ವರ್ಷ ಮೊದಲೇ, ೧೮೨೨ರಲ್ಲಿ, ಐರಿಷ್ ಸದಸ್ಯ ರಿಚರ್ಡ್ ಮಾರ್ಟಿನ್ ಅವರ ಪ್ರಯತ್ನದಿಂದ ದನ, ಕುದುರೆ ಮೊದಲಾದವನ್ನು ಕ್ರೂರವಾಗಿ ನಡೆಸಿಕೊಳ್ಳುವುದು ಶಿಕ್ಷಾರ್ಹವಾಗಿತ್ತು.

ತಾತ್ತ್ವಿಕ ನೆಲೆಯಲ್ಲಿಯೂ ಈ ನಂಟು ಸ್ಪಷ್ಟವಾಗಿದೆ. ೧೭೮೯ರಲ್ಲಿ ಪ್ರಕಟವಾದ ತಮ್ಮ ನೀತಿ-ಶಾಸನ ಮೀಮಾಂಸೆಯ ಅಡಿಟಿಪ್ಪಣಿಯೊಂದರಲ್ಲಿ ಜೆರೆಮಿ ಬೆಂಥಮ್ ಚರ್ಮದ ಬಣ್ಣವನ್ನೂ ಕಾಲುಗಳ ಸಂಖ್ಯೆಯನ್ನೂ ಒಂದೇ ಉಸಿರಿನಲ್ಲಿ ಪ್ರಸ್ತಾಪಿಸುತ್ತಾರೆ. ಬಣ್ಣ ಕಪ್ಪೆಂಬ ಕಾರಣಕ್ಕೆ ಮನುಷ್ಯನೊಬ್ಬನನ್ನು ಹಿಂಸಕನ ಕೈಗೆ ಒಪ್ಪಿಸುವುದು ಹೇಗೆ ಸಲ್ಲದೋ ಹಾಗೆಯೇ ದೇಹರಚನೆ ಬೇರೆಯೆಂಬ ಕಾರಣಕ್ಕೆ ಸಂವೇದನೆಯುಳ್ಳ ಜೀವಿಯನ್ನು ಒಪ್ಪಿಸುವುದೂ ಸಲ್ಲದು. ಇಲ್ಲಿ ಗಣನೆಗೆ ಬರಬೇಕಾದುದು ವಿವೇಚನಾಶಕ್ತಿಯಾಗಲಿ ವಾಕ್‌ಶಕ್ತಿಯಾಗಲಿ ಅಲ್ಲ, ನೋವುಣ್ಣುವ ಶಕ್ತಿ ಎಂಬುದು ಅವರ ವಾದದ ತಿರುಳು.

ಈ ನಂಟಿಗೆ ಇನ್ನೊಂದು ಮುಖವೂ ಉಂಟು. ಹೋರಿಯನ್ನು ಕಟ್ಟಿಹಾಕಿ ಅದರ ಮೇಲೆ ನಾಯಿಗಳನ್ನು ಛೂಬಿಡುವ ವಿನೋದವನ್ನು ನಿಷೇಧಿಸುವ ಮಸೂದೆ ೧೮೦೦ರಲ್ಲಿ ಕಾಮನ್ಸ್ ಸಭೆಗೆ ಬಂದಾಗ ವಿಲಿಯಂ ವಿಂಡಮ್ ಅದನ್ನು ವಿರೋಧಿಸಿದರು. ಶ್ರೀಮಂತರು ತಮ್ಮ ಬೇಟೆಯನ್ನು ಉಳಿಸಿಕೊಂಡು ಬಡವರ ವಿನೋದವನ್ನು ಮಾತ್ರ ಕಸಿಯುತ್ತಿದ್ದಾರೆಂಬುದು ಅವರ ಆಕ್ಷೇಪ. ಆ ಮಸೂದೆ ಬಿದ್ದುಹೋಯಿತು. ಹೋರಿಯ ಕಾದಾಟ, ಕೋಳಿಯಂಕಗಳಿಗೆ ೧೮೩೫ರಲ್ಲಿ ನಿಷೇಧ ಬಂದಿತು. ನಾಯಿಗಳ ಹಿಂಡಿನಿಂದ ನರಿಯನ್ನು ಬೇಟೆಯಾಡುವ ಶ್ರೀಮಂತರ ಕ್ರೀಡೆಗೆ ಇಂಗ್ಲೆಂಡಿನಲ್ಲಿ ನಿಷೇಧ ಬಂದದ್ದು ೨೦೦೪ರ ಶಾಸನದಿಂದ. ಈ ಎರಡು ದಿನಾಂಕಗಳ ನಡುವಣ ಅಂತರವೇ ವಿಂಡಮ್ ಅವರ ಆಕ್ಷೇಪ ಪೂರ್ತಿ ಹುಸಿಯಲ್ಲವೆಂಬುದಕ್ಕೆ ಸಾಕ್ಷಿ. ಮೂಕಪ್ರಾಣಿಯ ಪರವಾಗಿ ನುಡಿಯುವವನು ತನ್ನ ವರ್ಗದ ಅಭಿರುಚಿಯನ್ನೂ ಜೊತೆಗೆ ನುಡಿಯಬಲ್ಲ. ಅದನ್ನು ಆ ಪ್ರಾಣಿ ತಿದ್ದಲಾರದು.

೩. ಸ್ತ್ರೀಯರ ಚಳವಳಿ ಮತ್ತು ಕಂದು ನಾಯಿಯ ಪ್ರಕರಣ

ವಿಕ್ಟೋರಿಯ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಪ್ರಾಣಿರಕ್ಷಣೆಯ ಮುಂಚೂಣಿಯಲ್ಲಿದ್ದವರಲ್ಲಿ ಸ್ತ್ರೀಯರ ಪಾಲು ದೊಡ್ಡದು. ಫ್ರಾನ್ಸೆಸ್ ಪವರ್ ಕಾಬ್ ೧೮೭೫ರಲ್ಲಿ ಜೀವಂತ ಪ್ರಾಣಿಗಳ ಮೇಲಿನ ಶಸ್ತ್ರಪ್ರಯೋಗವನ್ನು ವಿರೋಧಿಸುವ ಸಂಘವನ್ನು ಕಟ್ಟಿದರು. ೧೮೭೮ರಲ್ಲಿ, ಗಂಡಂದಿರು ಹೆಂಡಿರಿಗೆ ಕೊಡುತ್ತಿದ್ದ ಚಿತ್ರಹಿಂಸೆಯನ್ನು ಕುರಿತು ಬರೆದರು. ಆ ವರ್ಷವೇ ಅಂಥ ಹಲ್ಲೆಗೊಳಗಾದ ಹೆಂಡತಿ ಪ್ರತ್ಯೇಕವಾಗಿ ಬಾಳಲು ನ್ಯಾಯಾಲಯದ ಆದೇಶ ಪಡೆಯಬಹುದೆಂಬ ಶಾಸನ ಬಂದಿತು. ಕಾಬ್ ಅವರ ದೃಷ್ಟಿಯಲ್ಲಿ ಇವೆರಡೂ ಬೇರೆ ಬೇರೆ ಕಾರ್ಯಗಳಾಗಿರಲಿಲ್ಲ. ಮನೆಯ ಯಜಮಾನ, ಪ್ರಯೋಗಶಾಲೆಯ ಯಜಮಾನ ಇಬ್ಬರೂ ತಮ್ಮ ಅಧೀನದಲ್ಲಿರುವ ದೇಹದ ಮೇಲೆ ಪ್ರಶ್ನಾತೀತ ಅಧಿಕಾರವನ್ನು ಬಯಸುವವರೆಂದು ಅವರು ತಿಳಿದಿದ್ದರು.

೧೯೦೩ರಿಂದ ೧೯೧೦ರವರೆಗೆ ಲಂಡನ್ನನ್ನು ಕಲಕಿದ ಕಂದು ನಾಯಿಯ ಪ್ರಕರಣ ಈ ನಂಟನ್ನು ಬೀದಿಗೆ ತಂದಿತು. ಸ್ವೀಡನ್ನಿನ ಲಿಜಿ ಲಿಂಡ್ ಆಫ್ ಹಾಗೆಬಿ ಮತ್ತು ಅವರ ಸಂಗಾತಿ ವೈದ್ಯಕೀಯ ತರಗತಿಗಳಿಗೆ ಹಾಜರಾಗಿ, ನಾಯಿಯೊಂದರ ಮೇಲೆ ನಡೆದ ಪ್ರಯೋಗವನ್ನು ದಿನಚರಿಯಲ್ಲಿ ದಾಖಲಿಸಿದರು. ಅದನ್ನು ಆಧರಿಸಿದ ಆರೋಪದ ಮೇಲೆ ಮಾನನಷ್ಟ ಮೊಕದ್ದಮೆ ನಡೆದು ಪ್ರಯೋಗ ನಡೆಸಿದ ವಿಜ್ಞಾನಿಗೆ ಜಯವಾಯಿತು. ಆದರೆ ೧೯೦೬ರಲ್ಲಿ ಕಾರ್ಮಿಕರ ಬಡಾವಣೆಯಾದ ಬ್ಯಾಟರ್‌ಸೀಯಲ್ಲಿ ಆ ನಾಯಿಯ ಸ್ಮಾರಕ ಪ್ರತಿಮೆ ಎದ್ದಿತು. ೧೯೦೭ರ ಕೊನೆಯಲ್ಲಿ ಅದನ್ನು ಕೆಡಹಲು ಹೊರಟ ವೈದ್ಯಕೀಯ ವಿದ್ಯಾರ್ಥಿಗಳು ಪೊಲೀಸರೊಡನೆ ಘರ್ಷಣೆಗಿಳಿದರು. ಅಷ್ಟಕ್ಕೇ ನಿಲ್ಲದೆ ಸ್ತ್ರೀಯರ ಮತಾಧಿಕಾರದ ಸಭೆಗಳಿಗೂ ನುಗ್ಗಿ ದಾಂಧಲೆ ಮಾಡಿದರು. ಪ್ರತಿಮೆಯನ್ನು ಕಾಯಲು ನಿಂತವರಲ್ಲಿ ಕಾರ್ಮಿಕರೂ ಮತಾಧಿಕಾರವಾದಿ ಸ್ತ್ರೀಯರೂ ಇದ್ದರು. ೧೯೧೦ರಲ್ಲಿ ಪ್ರತಿಮೆಯನ್ನು ರಾತ್ರೋರಾತ್ರಿ ತೆಗೆದುಹಾಕಲಾಯಿತು. ಹೊಸದೊಂದು ಬಂದದ್ದು ೧೯೮೫ರಲ್ಲಿ.

ಇದೇ ಕಾಲದ ಹೆನ್ರಿ ಸಾಲ್ಟ್ ಈ ಎಲ್ಲ ಎಳೆಗಳನ್ನು ಒಂದು ಸಿದ್ಧಾಂತವಾಗಿ ಹೆಣೆದರು. ೧೮೯೧ರಲ್ಲಿ ಆರಂಭವಾದ ಅವರ ಮಾನವೀಯತಾ ಸಂಘ ಸೆರೆಮನೆಗಳ ಸುಧಾರಣೆ, ಛಡಿಯೇಟಿನ ಶಿಕ್ಷೆಯ ರದ್ದತಿ, ಬೇಟೆಯ ವಿರೋಧ ಇವನ್ನು ಒಂದೇ ಕಾರ್ಯಕ್ರಮದ ಅಂಗಗಳೆಂದು ಭಾವಿಸಿತ್ತು. ಪ್ರಾಣಿಗಳ ಹಕ್ಕುಗಳನ್ನು ಸಾಮಾಜಿಕ ಪ್ರಗತಿಯ ಸಂದರ್ಭದಲ್ಲಿಟ್ಟು ಪರಿಶೀಲಿಸಿದ ಅವರ ಗ್ರಂಥ ಹೊರಬಂದದ್ದು ೧೮೯೨ರಲ್ಲಿ. ವಿದ್ಯಾರ್ಥಿ ಗಾಂಧಿಯವರು ಲಂಡನ್ನಿನಲ್ಲಿ ಓದಿ, ಸಸ್ಯಾಹಾರವನ್ನು ಸಂಪ್ರದಾಯವಾಗಿ ಅಲ್ಲದೆ ಸ್ವಂತ ಆಯ್ಕೆಯಾಗಿ ಸ್ವೀಕರಿಸಲು ಕಾರಣವಾದ ಪುಸ್ತಕವೂ ಸಾಲ್ಟ್ ಅವರದೇ. ೧೯೩೧ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ ಗಾಂಧಿಯವರು ಮಾತನಾಡಿದಾಗ ವೃದ್ಧ ಸಾಲ್ಟ್ ಅವರ ಪಕ್ಕದಲ್ಲಿಯೇ ಕುಳಿತಿದ್ದರು.

೪. ಹೋಲಿಕೆಯ ತರ್ಕ

ಚಾರಿತ್ರಿಕ ನಂಟು ಇದ್ದ ಮಾತ್ರಕ್ಕೆ ತಾರ್ಕಿಕ ಸಾಮ್ಯ ಸಿದ್ಧವಾಗುವುದಿಲ್ಲ. ಒಬ್ಬನೇ ವ್ಯಕ್ತಿ ಎರಡು ಚಳವಳಿಗಳಲ್ಲಿದ್ದನೆಂಬುದು ಅವನ ಮನೋಧರ್ಮವನ್ನು ತಿಳಿಸುತ್ತದೆಯೇ ಹೊರತು ಆ ಚಳವಳಿಗಳು ಸಮಾನವೆಂಬುದನ್ನಲ್ಲ. ಆದುದರಿಂದ ತರ್ಕವನ್ನೇ ಪ್ರತ್ಯೇಕವಾಗಿ ನೋಡಬೇಕು.

೧೯೭೦ರಲ್ಲಿ ಬ್ರಿಟಿಷ್ ಮನೋವಿಜ್ಞಾನಿ ರಿಚರ್ಡ್ ರೈಡರ್ ‘ಸ್ಪೀಶಿಸಿಸಂ’ ಎಂಬ ಪದವನ್ನು ಟಂಕಿಸಿದರು. ಅದನ್ನು ‘ಜೀವಜಾತಿ ಪಕ್ಷಪಾತ’ ಎಂದು ಕನ್ನಡಿಸಬಹುದು. ವರ್ಣಭೇದ, ಲಿಂಗಭೇದ ಎಂಬ ಪದಗಳ ಅಚ್ಚಿನಲ್ಲಿಯೇ ಇದನ್ನು ಎರಕಹೊಯ್ದಿರುವುದು ಗಮನಾರ್ಹ. ವಾದದ ಸರಣಿ ಇಂತಿದೆ: ಒಂದು ಗುಂಪಿನ ಹಿತವನ್ನು ಕಡೆಗಣಿಸಲು ಮುಂದಿಡುವ ಲಕ್ಷಣ ಆ ಹಿತಕ್ಕೆ ಸಂಬಂಧವಿಲ್ಲದ್ದಾದರೆ ಆ ಕಡೆಗಣನೆ ಅನ್ಯಾಯ, ನೋವಿನ ವಿಷಯದಲ್ಲಿ ಬಣ್ಣವೂ ಲಿಂಗವೂ ಅಸಂಬದ್ಧ, ಜೀವಜಾತಿಯೂ ಅಷ್ಟೇ ಅಸಂಬದ್ಧ. ಸಿಂಗರ್ ಈ ಸರಣಿಯನ್ನು ಹಿತಗಳ ಸಮಾನ ಪರಿಗಣನೆ ಎಂಬ ಉಪಯುಕ್ತತಾವಾದದ ತಳಹದಿಯ ಮೇಲೆ ನಿಲ್ಲಿಸಿದರು. ಅಮೆರಿಕದ ಟಾಮ್ ರೇಗನ್ ೧೯೮೩ರಲ್ಲಿ ಅದಕ್ಕೆ ಹಕ್ಕಿನ ತಳಹದಿಯನ್ನು ಕೊಟ್ಟರು: ತನ್ನದೇ ಬಾಳನ್ನು ಅನುಭವಿಸುವ ಪ್ರತಿಯೊಂದು ಜೀವಿಗೂ ಸ್ವಂತ ಮೌಲ್ಯವಿದೆ, ಅದನ್ನು ಮತ್ತೊಬ್ಬರ ಸಾಧನವಾಗಿ ಬಳಸಲಾಗದು. ಇವೆರಡೂ ಒಂದೇ ಅಲ್ಲ. ಹೆಚ್ಚಿನ ಹಿತಕ್ಕಾಗಿ ಕೆಲವು ಪ್ರಯೋಗಗಳನ್ನು ಸಿಂಗರ್ ಅವರ ವಾದ ಒಪ್ಪಬಹುದು. ರೇಗನ್ ಅವರದು ಒಪ್ಪದು.

ಈ ಸರಣಿಯನ್ನು ತರ್ಕದ ನೆಲೆಯಲ್ಲಿ ಮುರಿಯುವುದು ಸುಲಭವಲ್ಲ. ಪ್ರಾಣಿಗಳಿಗೆ ವಿವೇಚನೆಯಿಲ್ಲ, ಕರ್ತವ್ಯಪ್ರಜ್ಞೆಯಿಲ್ಲ ಎಂಬ ಪ್ರತಿವಾದ ಹಸುಗೂಸುಗಳ ವಿಷಯದಲ್ಲಿ ಸೋಲುತ್ತದೆ. ಅವುಗಳಲ್ಲಿಯೂ ಈ ಗುಣಗಳಿಲ್ಲ, ಆದರೂ ಅವುಗಳ ಹಕ್ಕನ್ನು ಯಾರೂ ಅಲ್ಲಗಳೆಯರು. ಆದ್ದರಿಂದ ಹೋಲಿಕೆಯ ದೌರ್ಬಲ್ಯವನ್ನು ತರ್ಕದಲ್ಲಿ ಅಲ್ಲ, ಬೇರೆಡೆ ಹುಡುಕಬೇಕು.

೫. ಹೋಲಿಕೆ ನಿಲ್ಲುವ ಎಡೆ

ಗುಲಾಮಗಿರಿಯ ನಿರ್ಮೂಲನವನ್ನು ವಿಲ್ಬರ್‌ಫೋರ್ಸ್ ಅಂಥವರ ಕರುಣೆಯ ಕಥೆಯೆಂದು ಬಹುಕಾಲ ಹೇಳಲಾಗುತ್ತಿತ್ತು. ಆದರೆ ಒಲಾಡಾ ಎಕ್ವಿಯಾನೋ ೧೭೮೯ರಲ್ಲಿ ತಮ್ಮ ಆತ್ಮಚರಿತ್ರೆಯನ್ನು ಪ್ರಕಟಿಸಿ ಊರೂರು ಸುತ್ತಿದ್ದರು. ಮೇರಿ ಪ್ರಿನ್ಸ್ ೧೮೩೧ರಲ್ಲಿ ತಾವು ಉಂಡ ಹೊಡೆತಗಳನ್ನು ಲೋಕಕ್ಕೆ ತಿಳಿಸಿದ್ದರು. ಹೇಟಿಯ ಗುಲಾಮರು ೧೭೯೧ರಲ್ಲಿ ದಂಗೆಯೆದ್ದು ೧೮೦೪ರಲ್ಲಿ ಸ್ವತಂತ್ರ ರಾಷ್ಟ್ರವನ್ನೇ ಕಟ್ಟಿದ್ದರು. ಸ್ತ್ರೀಯರ ಚಳವಳಿಯಲ್ಲಿ ಮಾತು ಸ್ತ್ರೀಯರದೇ. ಈ ಚಳವಳಿಗಳಲ್ಲಿ ಅನ್ಯಾಯಕ್ಕೊಳಗಾದವರು ತಮ್ಮ ವ್ಯಾಜ್ಯದಲ್ಲಿ ತಾವೇ ವಾದಿಗಳು. ತಮ್ಮ ಪರವಾಗಿ ಮಾತನಾಡುವ ಹಿತೈಷಿ ತಪ್ಪು ಹೇಳಿದಾಗ ಅವನನ್ನು ತಡೆದು ‘ನಮಗೆ ಬೇಕಾದುದು ಇದಲ್ಲ’ ಎನ್ನುವ ಶಕ್ತಿ ಅವರಿಗಿತ್ತು. ಪ್ರಾಣಿ ಹಕ್ಕುಗಳ ಚಳವಳಿಯಲ್ಲಿ ಈ ತಡೆಯಿಲ್ಲ. ಹಸುಗೂಸಿನ ಉದಾಹರಣೆಯೂ ಇಲ್ಲಿ ಪೂರ್ತಿ ನೆರವಾಗದು: ಕೂಸು ಬೆಳೆದು ಒಂದು ದಿನ ತನ್ನ ಪೋಷಕರನ್ನು ಪ್ರಶ್ನಿಸೀತು, ಎತ್ತು ಎಂದೂ ಪ್ರಶ್ನಿಸದು.

ಎರಡನೆಯದು ಇನ್ನೂ ಆಳವಾದ ಭೇದ. ೧೭೮೭ರಲ್ಲಿ ಜೊಸೈಯ ವೆಜ್‌ವುಡ್ ಅವರ ಕಾರ್ಖಾನೆಯಲ್ಲಿ ತಯಾರಾದ ಪ್ರಸಿದ್ಧ ಪದಕದಲ್ಲಿ ಸಂಕೋಲೆ ತೊಟ್ಟು ಮಂಡಿಯೂರಿದ ಗುಲಾಮ, ತಾನೂ ಮನುಷ್ಯನಲ್ಲವೇ ಎಂದು ಕೇಳುತ್ತಾನೆ. ಆ ಪ್ರಶ್ನೆಯ ಬಲವೆಲ್ಲ ಮನುಷ್ಯ ಮತ್ತು ಮೃಗದ ನಡುವಣ ಗೆರೆಯ ಮೇಲೆ ನಿಂತಿದೆ. ಗೆರೆಯ ಆಚೆಗೆ ತಳ್ಳಲ್ಪಟ್ಟವನು ಈಚೆಯ ತನ್ನ ಸ್ಥಾನವನ್ನು ಕೇಳುತ್ತಿದ್ದಾನೆ. ಗೆರೆಯನ್ನು ಅಳಿಸೆಂದು ಕೇಳುತ್ತಿಲ್ಲ. ಪ್ರಾಣಿ ಹಕ್ಕುಗಳ ಚಳವಳಿಯಾದರೋ ಆ ಗೆರೆಯನ್ನೇ ಪ್ರಶ್ನಿಸುತ್ತದೆ. ಹೀಗಾಗಿ ಅದು ಹಳೆಯ ಚಳವಳಿಗಳ ಸರಳ ಮುಂದುವರಿಕೆಯಲ್ಲ. ಅವು ಊರುಗೋಲಾಗಿ ಹಿಡಿದುದನ್ನೇ ಅದು ಕೆಳಗಿಡಲು ಹೇಳುತ್ತದೆ.

ಈ ಮಾತಿನ ಭಾರ ಭಾರತದಲ್ಲಿ ಇನ್ನೂ ಹೆಚ್ಚು. ೧೯೨೭ರ ಮಾರ್ಚ್ ೨೦ರಂದು ಮುಂಬಯಿ ಪ್ರಾಂತದ ಮಹಾಡದಲ್ಲಿ ಡಾ. ಅಂಬೇಡ್ಕರ್ ಅವರು ಸಾವಿರಾರು ಅನುಯಾಯಿಗಳೊಡನೆ ಚವದಾರ ಕೆರೆಗೆ ನಡೆದು ನೀರನ್ನು ಕುಡಿದರು. ಪ್ರಾಣಿಗಳು ಬಾಯಿಡಬಹುದಾಗಿದ್ದ ನೀರನ್ನು ಅಸ್ಪೃಶ್ಯರೆನಿಸಿದ ಮನುಷ್ಯರು ಮುಟ್ಟುವಂತಿರಲಿಲ್ಲ. ಅವರು ಮುಟ್ಟಿದ ಮೇಲೆ ಸವರ್ಣೀಯರು ಕೆರೆಯನ್ನು ‘ಶುದ್ಧಿ’ಗೊಳಿಸಿದರು, ನ್ಯಾಯಾಲಯಗಳ ಮೆಟ್ಟಿಲೇರಿದ ಆ ವ್ಯಾಜ್ಯದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ತೀರ್ಪು ೧೯೩೭ರಲ್ಲಿ ಅಸ್ಪೃಶ್ಯರ ಪರವಾಗಿ ಬಂದಿತು. ಪ್ರಾಣಿದಯೆ ಬೆಳೆದರೆ ಮಾನವದಯೆ ತಾನಾಗಿ ಬೆಳೆಯುತ್ತದೆಂಬ ಸಾಲ್ಟ್ ಪಂಥದ ನಂಬಿಕೆಗೆ ಮಹಾಡದ ಕೆರೆ ಪ್ರಬಲವಾದ ಪ್ರತ್ಯುದಾಹರಣೆ. ಇರುವೆಗೆ ಸಕ್ಕರೆಯಿಡುವ ಕೈ ಮನುಷ್ಯನಿಗೆ ನೀರನ್ನು ನಿರಾಕರಿಸಬಲ್ಲದು.

ಆದುದರಿಂದಲೇ ಈ ಹೋಲಿಕೆಯನ್ನು ಘೋಷಣೆಯಾಗಿ ಬಳಸಿದಾಗ ತೀವ್ರ ಪ್ರತಿಕ್ರಿಯೆ ಬರುತ್ತದೆ. ಯಹೂದಿಗಳ ನರಮೇಧದ ಚಿತ್ರಗಳನ್ನು ಕಸಾಯಿಖಾನೆಯ ಚಿತ್ರಗಳ ಪಕ್ಕದಲ್ಲಿಟ್ಟ ಪ್ರಚಾರಕ್ಕೆ ಜರ್ಮನಿಯಲ್ಲಿ ವಿಧಿಸಿದ ತಡೆಯನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ ೨೦೦೯ರಲ್ಲಿಯೂ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ೨೦೧೨ರಲ್ಲಿಯೂ ಎತ್ತಿಹಿಡಿದವು. ಯಾವ ಜನರನ್ನು ಶತಮಾನಗಳ ಕಾಲ ಪ್ರಾಣಿಗಳೆಂದು ಕರೆದು ಹಿಂಸಿಸಲಾಯಿತೋ ಅವರಿಗೆ ಈ ಹೋಲಿಕೆ ಹಳೆಯ ಬೈಗುಳವಾಗಿಯೇ ಕೇಳಿಸುತ್ತದೆ. ಹೋಲಿಸುವವರ ಉದ್ದೇಶ ಪ್ರಾಣಿಯನ್ನು ಮೇಲೆತ್ತುವುದಿರಬಹುದು; ಆದರೆ ಉಪಮೆಯ ತಕ್ಕಡಿಯಲ್ಲಿ ಎರಡು ತಟ್ಟೆಗಳುಂಟು.

೬. ನ್ಯಾಯಾಲಯಗಳ ಮುಂದೆ

ಹಕ್ಕೆಂಬುದು ಕೊನೆಗೆ ಕಾನೂನಿನಲ್ಲಿ ಪರೀಕ್ಷೆಗೊಳಗಾಗಬೇಕು. ಇಲ್ಲಿ ಎರಡು ಮಾರ್ಗಗಳನ್ನು ಗುರುತಿಸಬಹುದು. ಮೊದಲನೆಯದು ಒಡೆಯನ ಅಧಿಕಾರಕ್ಕೆ ಮಿತಿ ಹಾಕುವುದು. ೧೮೨೨ರ ಬ್ರಿಟಿಷ್ ಶಾಸನ, ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಮಾಡಿದ ಪ್ರಯತ್ನದ ಫಲವಾದ ೧೯೬೦ರ ಭಾರತೀಯ ಪ್ರಾಣಿಹಿಂಸಾ ನಿವಾರಣ ಶಾಸನ ಈ ಬಗೆಯವು. ಎರಡನೆಯದು ಪ್ರಾಣಿಯನ್ನೇ ಹಕ್ಕುಳ್ಳ ‘ವ್ಯಕ್ತಿ’ಯೆಂದು ಮಾನ್ಯ ಮಾಡುವುದು. ಗುಲಾಮನನ್ನು ಬಲಾತ್ಕಾರವಾಗಿ ಇಂಗ್ಲೆಂಡಿನಿಂದ ಹೊರಗೊಯ್ಯಲಾಗದೆಂದು ಹೇಳಿದ ೧೭೭೨ರ ಸಾಮರ್‌ಸೆಟ್ ತೀರ್ಪನ್ನು ಮಾದರಿಯಾಗಿ ಹಿಡಿದು ಅಮೆರಿಕದ ವಕೀಲರು ಈ ಎರಡನೆಯ ಮಾರ್ಗವನ್ನು ಪ್ರಯತ್ನಿಸಿದ್ದಾರೆ. ೨೦೧೨ರಲ್ಲಿ, ಗುಲಾಮಗಿರಿಯನ್ನು ನಿಷೇಧಿಸುವ ಹದಿಮೂರನೆಯ ತಿದ್ದುಪಡಿ ಮನುಷ್ಯರಿಗೆ ಮಾತ್ರ ಅನ್ವಯಿಸುತ್ತದೆಂದು ಹೇಳಿ ಸೆರೆಯಲ್ಲಿದ್ದ ಐದು ಓರ್ಕಾ ತಿಮಿಂಗಿಲಗಳ ಪರವಾದ ದಾವೆಯನ್ನು ನ್ಯಾಯಾಲಯ ವಜಾ ಮಾಡಿತು. ೨೦೨೨ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಾಲಯ ‘ಹ್ಯಾಪಿ’ ಎಂಬ ಆನೆಯ ಪರವಾದ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಐದು-ಎರಡರ ಬಹುಮತದಿಂದ ತಳ್ಳಿಹಾಕಿತು. ೨೦೨೫ರಲ್ಲಿ ಕೊಲರಾಡೋದಲ್ಲಿಯೂ ಐದು ಆನೆಗಳ ಅರ್ಜಿಗೆ ಇದೇ ಗತಿಯಾಯಿತು. ಆದರೆ ನ್ಯೂಯಾರ್ಕಿನಲ್ಲಿ ಇಬ್ಬರು ನ್ಯಾಯಾಧೀಶರು ಭಿನ್ನಮತ ದಾಖಲಿಸಿದುದನ್ನು ಮರೆಯಬಾರದು.

ಭಾರತದ ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಓಟಗಳನ್ನು ನಿಷೇಧಿಸುವಾಗ ಸಂವಿಧಾನದ ಇಪ್ಪತ್ತೊಂದನೆಯ ವಿಧಿಯ ‘ಜೀವ’ವೆಂಬ ಶಬ್ದಕ್ಕೆ ಪ್ರಾಣಿಗಳನ್ನೂ ಒಳಗೊಳ್ಳುವ ವಿಶಾಲಾರ್ಥವನ್ನು ಕೊಟ್ಟಿತು. ಅದರ ಬಿಸಿ ಕರಾವಳಿಯ ಕಂಬಳಕ್ಕೂ ತಟ್ಟಿತು. ಅನಂತರ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕಗಳು ತಂತಮ್ಮ ತಿದ್ದುಪಡಿ ಶಾಸನಗಳನ್ನು ತಂದವು. ೨೦೨೩ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅವನ್ನು ಎತ್ತಿಹಿಡಿದು, ಹೋರಿಗಳನ್ನು ಮೂಲಭೂತ ಹಕ್ಕುಗಳ ರಕ್ಷಣೆಯೊಳಗೆ ತರಲು ಒಪ್ಪಲಿಲ್ಲ. ಕೋಣವನ್ನು ಮಗನಂತೆ ಸಾಕುತ್ತೇವೆನ್ನುವ ರೈತನೂ ಅದರ ನೋವನ್ನು ಎತ್ತಿ ತೋರಿಸುವ ದಯಾಸಂಘದವನೂ ಅದರ ಪರವಾಗಿಯೇ ಮಾತನಾಡುತ್ತಾರೆ. ಇಬ್ಬರೂ ಪ್ರಾಮಾಣಿಕರಿರಬಹುದು. ತೀರ್ಪು ಬಂದದ್ದು ವಾದಿಯ ಸಾಕ್ಷ್ಯವಿಲ್ಲದೆಯೇ.

೭. ದಯೆ ಮತ್ತು ಹಕ್ಕು: ‘ಯಶೋಧರ ಚರಿತೆ’ಯ ಸಾಕ್ಷ್ಯ

ಈ ವಿವೇಚನೆಯಿಂದ ಕನ್ನಡ ಸಂಶೋಧನೆಗೆ ಒದಗುವ ಎಚ್ಚರವೊಂದಿದೆ. ಜನ್ನನ ‘ಯಶೋಧರ ಚರಿತೆ’ಯನ್ನು (೧೨೦೯) ಪ್ರಾಣಿ ಹಕ್ಕುಗಳ ಪ್ರಾಚೀನ ಪ್ರತಿಪಾದನೆಯೆಂದು ಓದುವ ಪ್ರಲೋಭನೆ ಸಹಜ. ಆದರೆ ಕಥೆಯ ಕೇಂದ್ರದಲ್ಲಿರುವುದು ಹಿಟ್ಟಿನ ಕೋಳಿ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಯಶೋಧರ ಬಲಿಕೊಡುವ ಆ ಕೋಳಿಗೆ ತನ್ನದೇ ಆದ ಪ್ರಾಣವಿಲ್ಲ. ಆದರೂ ಕೊಲ್ಲುವ ಸಂಕಲ್ಪವೇ ಪಾಪವಾಗಿ ತಾಯಿಮಕ್ಕಳನ್ನು ಜನ್ಮಜನ್ಮಾಂತರ ಅಟ್ಟಿಸಿಕೊಂಡು ಹೋಗುತ್ತದೆ. ಬೆಂಥಮ್ ಅವರ ಒರೆಗಲ್ಲಿಗೆ ಹಚ್ಚಿದರೆ ಇಲ್ಲಿ ನೊಂದ ಜೀವಿಯೇ ಇಲ್ಲ, ಆದುದರಿಂದ ಅಪರಾಧವೂ ಇಲ್ಲ. ಜೈನ ಅಹಿಂಸೆಯ ಲಕ್ಷ್ಯ ಮೊದಲು ಹಿಂಸಿಸುವವನ ಅಂತರಂಗದ ಮೇಲೆ. ಹಕ್ಕಿನ ಲಕ್ಷ್ಯ ಹಿಂಸೆಗೊಳಗಾಗುವವನ ಮೇಲೆ. ದಯೆ ಮಾಡುವವನ ಗುಣ. ಹಕ್ಕು ಪಡೆಯುವವನ ಸ್ವತ್ತು.

ಆದರೂ ಜನ್ನನ ಕಾವ್ಯ ಅಷ್ಟಕ್ಕೇ ನಿಲ್ಲುವುದಿಲ್ಲ. ಕೊಂದವರು ನವಿಲು, ನಾಯಿ ಮೊದಲಾದ ಜನ್ಮಗಳನ್ನು ತಳೆದು ತಾವೇ ಕೊಲ್ಲಿಸಿಕೊಳ್ಳುತ್ತಾರೆ. ಕೊನೆಗೆ ಅಭಯರುಚಿ-ಅಭಯಮತಿಗಳಾಗಿ ಹುಟ್ಟಿ, ನರಬಲಿಗೆಂದು ಹಿಡಿದು ತಂದ ಎಡೆಯಲ್ಲಿ ಮಾರಿದತ್ತ ರಾಜನಿಗೆ ಆ ಅನುಭವವನ್ನು ಹೇಳುತ್ತಾರೆ. ಪ್ರಾಣಿಯಾಗಿ ನೊಂದ ಜೀವ ಮನುಷ್ಯನ ಬಾಯಿಂದ ಸಾಕ್ಷಿ ನುಡಿಯುತ್ತದೆ. ಆಧುನಿಕ ಚಳವಳಿ ಎಲ್ಲಿ ತೊಡಕಿಗೆ ಸಿಕ್ಕಿದೆಯೋ ಆ ನುಡಿಯ ಸಮಸ್ಯೆಯನ್ನು ಕವಿ ಪುನರ್ಜನ್ಮದ ನಂಬಿಕೆಯಿಂದ ಬಿಡಿಸಿದ್ದಾನೆ. ನ್ಯಾಯಾಲಯಕ್ಕೆ ಆ ಸೌಲಭ್ಯವಿಲ್ಲ.

೮. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಪ್ರಾಣಿಗಳ ಪರವಾದ ಚಳವಳಿ ಹುಸಿಯೆಂದಾಗಲಿ ಇತರ ಚಳವಳಿಗಳಿಗಿಂತ ಕೀಳೆಂದಾಗಲಿ ತೀರ್ಮಾನಿಸಬೇಕಿಲ್ಲ. ನುಡಿಯಿಲ್ಲವೆಂಬುದು ಹಕ್ಕಿಲ್ಲವೆಂಬುದಕ್ಕೆ ಕಾರಣವಲ್ಲ. ಆದರೆ ನುಡಿಯಿಲ್ಲದವರ ಪರವಾಗಿ ನುಡಿಯುವವರ ಹೊಣೆಯನ್ನು ಅದು ಇಮ್ಮಡಿಗೊಳಿಸುತ್ತದೆ. ಗುಲಾಮರ, ಸ್ತ್ರೀಯರ, ದಲಿತರ ಚಳವಳಿಗಳಿಂದ ಪ್ರಾಣಿ ಹಕ್ಕುಗಳ ಚಳವಳಿ ಎರವಲು ಪಡೆಯಬಹುದಾದುದು ಸಂಬದ್ಧ-ಅಸಂಬದ್ಧ ಲಕ್ಷಣಗಳನ್ನು ವಿಂಗಡಿಸುವ ತರ್ಕವನ್ನು, ರೂಢಿಯನ್ನು ಪ್ರಶ್ನಿಸುವ ಧೈರ್ಯವನ್ನು. ಎರವಲು ಪಡೆಯಲಾಗದುದು ಆ ಜನರ ನೋವಿನ ಚಿತ್ರಗಳನ್ನು. ಅವುಗಳಿಗೆ ಒಡೆಯರಿದ್ದಾರೆ, ಅವರಿಗೆ ನುಡಿಯೂ ಇದೆ.

ಜೀವದಯೆಯನ್ನು ವಸ್ತುವಾಗುಳ್ಳ ನಮ್ಮ ಜೈನ ಕಾವ್ಯ, ವಚನ, ಜನಪದ ಕಥನಗಳನ್ನು ಅಭ್ಯಸಿಸುವವರು ಪ್ರತಿಯೊಂದು ಕೃತಿಗೂ ಎರಡು ಪ್ರಶ್ನೆಗಳನ್ನು ಹಾಕಬೇಕಾಗಿದೆ: ಇಲ್ಲಿ ಪ್ರಾಣಿ ಯಾರ ಬಾಯಿಂದ ಮಾತನಾಡುತ್ತದೆ? ಆ ಮಾತಿನಿಂದ ಲಾಭ ಯಾರಿಗೆ? ಮುಂಬಯಿ, ಮದರಾಸು, ಹೈದರಾಬಾದುಗಳ ಕನ್ನಡ ಸಂಶೋಧಕರು ಮರಾಠಿ, ತಮಿಳು, ತೆಲುಗು ಸಾಮಗ್ರಿಯನ್ನೂ ಹತ್ತಿರದಿಂದ ಬಲ್ಲವರಾದ್ದರಿಂದ ಈ ತೌಲನಿಕ ಕಾರ್ಯಕ್ಕೆ ಅವರು ವಿಶೇಷವಾಗಿ ಸಮರ್ಥರು.